ಕೊನೆಯ ಬೋಗಿಯ ಕೆಂಪು ದೀಪ

ಹತ್ತು ಜನ ಒಟ್ಟಿಗೆ ಸೈಕಲ್ ಹತ್ತಿ ಹೊರಟರೆ ಅವರಲ್ಲಿ ಹತ್ತನೆಯವನೊಬ್ಬ ಇದ್ದೇ ಇರುತ್ತಾನೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಬರೀ ಎಣಿಕೆಯ ಮಾತು. ನಮ್ಮ ಗುಂಪಿನಲ್ಲಿ ಆ ಹತ್ತನೆಯ ಜಾಗ ಬಹಳ ವರ್ಷಗಳಿಂದ ನನ್ನದು. ಆ ಜಾಗಕ್ಕೆ ಪೈಪೋಟಿ ಇಲ್ಲವಾದ್ದರಿಂದ ಅದು ಭದ್ರವಾಗಿಯೂ ಇದೆ. ಮುಂದಿನವರ ಬೆನ್ನುಗಳು ರಸ್ತೆಯ ತಿರುವಿನಲ್ಲಿ ಒಂದೊಂದಾಗಿ ಮರೆಯಾಗುವುದನ್ನು ನೋಡುತ್ತ ಪೆಡಲ್ ತುಳಿಯುವುದರಲ್ಲಿ ನನಗಿರುವಷ್ಟು ಅನುಭವ ನಮ್ಮಲ್ಲಿ ಬೇರೆ ಯಾರಿಗೂ ಇಲ್ಲ.

ನಿಧಾನಿಗಳ ಬಗ್ಗೆ ನಾವು ಮಕ್ಕಳಿಗೆ ಹೇಳುವುದು ಒಂದೇ ಕತೆ, ಆಮೆ ಮತ್ತು ಮೊಲದ್ದು. ಕತೆ ಚೆನ್ನಾಗಿದೆ. ಆದರೆ ಆಮೆ ಗೆಲ್ಲುವುದು ಮೊಲ ನಿದ್ದೆ ಹೋದದ್ದರಿಂದ. ನಾನು ರಸ್ತೆಯ ಮೇಲೆ ಕಂಡ ಯಾವ ಮೊಲವೂ ಮರದಡಿ ಮಲಗಿರಲಿಲ್ಲ. ವೇಗವಾಗಿ ಹೋಗುವವರು ನಿಜಕ್ಕೂ ವೇಗವಾಗಿಯೇ ಹೋಗುತ್ತಾರೆ. ಅದಕ್ಕಾಗಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ನನಗಿಂತ ಮೂರು ನಾಲ್ಕು ಗಂಟೆ ಮೊದಲೇ ಗುರಿ ಸೇರಿ, ಉಂಡು, ಮಲಗಿರುತ್ತಾರೆ. ಕತೆ ಕೇಳಿದ ಮಗುವಿಗೆ ಆಮೆ ಕೊನೆಗೂ ಗೆದ್ದಿತು, ಆದ್ದರಿಂದ ಅದು ಜಾಣ ಆಮೆ ಎಂದಷ್ಟೇ ತಿಳಿಯುತ್ತದೆ. ಗೆಲ್ಲದೆ ಊರು ಸೇರಿದ ಆಮೆಯ ವಿಚಾರ ಏನು? ಅದನ್ನು ಯಾರೂ ಹೇಳುವುದಿಲ್ಲ.

ಅಂಥ ಆಮೆಗೂ ಜಾಗವಿರುವ ಒಂದು ಬಗೆಯ ಸೈಕಲ್ ಸವಾರಿ ಇದೆ. ಅದನ್ನು ‘ಬ್ರೆವೆ’ ಎನ್ನುತ್ತಾರೆ. ಫ್ರೆಂಚ್ ಮಾತು, ಪ್ರಮಾಣಪತ್ರ ಎಂದು ಅರ್ಥ. ಇದರಲ್ಲಿ ದೂರವೂ ಗೊತ್ತು, ಅವಧಿಯೂ ಗೊತ್ತು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಕೈಗೊಂದು ಕಾರ್ಡು ಕೊಡುತ್ತಾರೆ. ದಾರಿಯಲ್ಲಿ ಅಲ್ಲಲ್ಲಿ ತಪಾಸಣೆಯ ಠಾಣೆಗಳು. ಅಲ್ಲಿ ಕಾರ್ಡಿಗೆ ಮೊಹರು ಬೀಳಬೇಕು. ಪ್ರತಿ ಠಾಣೆಗೂ ತೆರೆಯುವ ಹೊತ್ತು, ಮುಚ್ಚುವ ಹೊತ್ತು ಇರುತ್ತದೆ. ಗಂಟೆಗೆ 15 ಕಿಲೋಮೀಟರಿನ ಲೆಕ್ಕದಲ್ಲಿ ಠಾಣೆ ಮುಚ್ಚುತ್ತದೆ. ಅದಕ್ಕಿಂತ ತಡವಾದರೆ ಸವಾರಿ ಅಲ್ಲಿಗೆ ಮುಗಿಯಿತು. ತಮಾಷೆಯೆಂದರೆ, ತೀರಾ ಬೇಗ ಬಂದರೂ ನಡೆಯುವುದಿಲ್ಲ. ಮೊದಲ 200 ಕಿಲೋಮೀಟರಿನಲ್ಲಿ ಗಂಟೆಗೆ 34 ಕಿಲೋಮೀಟರಿಗಿಂತ ಜೋರಾಗಿ ಬಂದವನು ಠಾಣೆ ತೆರೆಯುವವರೆಗೆ ಕಾದು ನಿಲ್ಲಬೇಕು! ಈ ಎರಡು ಗೆರೆಗಳ ನಡುವೆ ಬಂದವರೆಲ್ಲ ಒಂದೇ. ಫಲಿತಾಂಶದಲ್ಲಿ ಮೊದಲನೆಯವನು, ಕೊನೆಯವನು ಎಂದಿಲ್ಲ. ಪದಕವೂ ಎಲ್ಲರಿಗೂ ಒಂದೇ.

ಈ ಪದ್ಧತಿ ಹಳೆಯದು. 1897ರ ಜೂನ್‌ನಲ್ಲಿ ಇಟಲಿಯ ಕೆಲವು ಸವಾರರು ರೋಮ್‌ನಿಂದ ನೇಪಲ್ಸ್‌ಗೆ 230 ಕಿಲೋಮೀಟರ್ ದೂರವನ್ನು ಹಗಲಿನಲ್ಲೇ ಕ್ರಮಿಸಿದರು. ಅವರನ್ನು ‘ಔಡಾಕ್ಸ್’ ಎಂದು ಕರೆದರು. ಲ್ಯಾಟಿನ್‌ನಲ್ಲಿ ಹಾಗೆಂದರೆ ಎದೆಗಾರ. ಟೂರ್ ಡಿ ಫ್ರಾನ್ಸ್ ಪಂದ್ಯವನ್ನು 1903ರಲ್ಲಿ ಆರಂಭಿಸಿದ ಆನ್ರಿ ದೆಗ್ರಾಂಜ್ 1904ರಲ್ಲಿ ಇದನ್ನು ಫ್ರಾನ್ಸಿಗೆ ತಂದ. ಆಗಿನ ಕ್ರಮದಲ್ಲಿ ಗುಂಪಿಗೆ ಒಬ್ಬ ನಾಯಕ. ಅವನ ವೇಗವೇ ಎಲ್ಲರ ವೇಗ, ಅವನನ್ನು ಯಾರೂ ದಾಟುವಂತಿಲ್ಲ. 1921ರಲ್ಲಿ ಪ್ಯಾರಿಸ್ಸಿನ ಔಡಾಕ್ಸ್ ಕ್ಲಬ್ ಬೇರೆ ದಾರಿ ಹಿಡಿಯಿತು. ಅವರವರ ವೇಗದಲ್ಲಿ ಅವರವರು ಬರಲಿ, ಅವಧಿ ಮೀರದಿದ್ದರೆ ಸಾಕು ಎಂದಿತು. ಇಂದು ಜಗತ್ತಿನ ತುಂಬ ನಡೆಯುವುದು ಈ ಎರಡನೆಯ ಬಗೆಯದು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ ಇದರ ದೊಡ್ಡ ಜಾತ್ರೆ: 1200 ಕಿಲೋಮೀಟರ್, 90 ಗಂಟೆ. 2023ರಲ್ಲಿ ಅಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಹೊರಟಿದ್ದರು. ನಮ್ಮ ದೇಶದವರೂ ನೂರಾರು ಮಂದಿ. ಕರ್ನಾಟಕದಲ್ಲಿಯೂ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಮೊದಲಾದ ಊರುಗಳ ಸೈಕಲ್ ಕೂಟಗಳು ಬ್ರೆವೆ ನಡೆಸುತ್ತ ಬಂದಿವೆ.

ನಾನು ಹೇಳಹೊರಟಿರುವುದು 2024ರ ಜನವರಿಯ ಒಂದು 300 ಕಿಲೋಮೀಟರಿನ ಸವಾರಿಯ ವಿಚಾರ. ತುಮಕೂರಿನಾಚೆ ಗುಬ್ಬಿ ಕಡೆಯ ರಸ್ತೆಯಿಂದ ಬೆಳಗಿನ ಐದಕ್ಕೆ ಹೊರಟು ತಿಪಟೂರು, ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡಿನ ಮೇಲೆ ಬೇಲೂರು ಮುಟ್ಟಿ, ಅದೇ ದಾರಿಯಲ್ಲಿ ರಾತ್ರಿ ಒಂದರೊಳಗೆ ಹಿಂದಿರುಗಬೇಕು. ಜೊತೆಗೆ ನನ್ನ ಅಕ್ಕನ ಮಗನೂ ಇದ್ದ. ಇಂಜಿನಿಯರಿಂಗ್ ಓದುವ ಹುಡುಗ. ಸೈಕಲ್ ಮೇಲೆ ಕುಳಿತರೆ ಗಾಳಿ. ಓದಿನಲ್ಲಿ ಮಾತ್ರ ಹಿಂದಿನ ಸೆಮಿಸ್ಟರಿನ ಎರಡು ವಿಷಯ ಉಳಿಸಿಕೊಂಡಿದ್ದ. ‘ಜೊತೆಯವರೆಲ್ಲ ಮುಂದೆ ಹೋದರು’ ಎಂಬುದು ಅಕ್ಕನ ಮನೆಯಲ್ಲಿ ದಿನಾ ಕೇಳುವ ಮಾತಾಗಿತ್ತು. ಆ ಮಾತು ಬಂದಾಗಲೆಲ್ಲ ಹುಡುಗ ಸೈಕಲ್ ತೆಗೆದುಕೊಂಡು ಹೊರಗೆ ಹೋಗುತ್ತಿದ್ದ. ಅಷ್ಟು ಒಳ್ಳೆಯ ಸವಾರನಾಗಲು ಅದೂ ಒಂದು ಕಾರಣವಿರಬಹುದು.

ನಿಧಾನಿಗೆ ಕಾಲಿಗಿಂತ ಲೆಕ್ಕ ಮುಖ್ಯ. ನನ್ನ ವೇಗ ಗಂಟೆಗೆ 18 ಕಿಲೋಮೀಟರ್. 300 ಕಿಲೋಮೀಟರಿಗೆ 16 ಗಂಟೆ 40 ನಿಮಿಷ. ಉಳಿಯುವುದು 3 ಗಂಟೆ 20 ನಿಮಿಷ, ಅಂದರೆ 200 ನಿಮಿಷ. ತಿಂಡಿ, ಊಟ, ನೀರು ತುಂಬುವುದು, ಮೊಹರು ಹಾಕಿಸುವುದು, ಪಂಕ್ಚರ್ ಆದರೆ ಅದು, ಏರಿನಲ್ಲಿ ಉಸಿರು ಸಿಕ್ಕಿಕೊಂಡರೆ ಅದು, ಎಲ್ಲಕ್ಕೂ ಸೇರಿ ಇರುವ ಗಂಟು ಇಷ್ಟೇ. ಗಂಟೆಗೆ 25ರಂತೆ ಹೋಗುವವನಿಗೆ 12 ಗಂಟೆ ಸಾಕು. ಎಂಟು ಗಂಟೆ ಮಿಗುತ್ತದೆ. ಅವನು ತಟ್ಟೆ ಇಡ್ಲಿ ತಿಂದು, ಕಾಫಿ ಕುಡಿದು, ಫೋಟೋ ತೆಗೆದು, ಹರಟೆ ಹೊಡೆಯಬಹುದು. ನಿಧಾನವಾಗಿ ಹೋಗುವವನು ಆರಾಮವಾಗಿ ಹೋಗುತ್ತಾನೆಂದು ತಿಳಿಯುವುದು ಸುಳ್ಳು. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಆರಾಮ ಇರುವುದು ಅವನಿಗೇ.

ಈ ಮಾತು ನನಗೆ ಚೆನ್ನಾಗಿ ಅರ್ಥವಾದದ್ದು ಅರಸೀಕೆರೆಯಲ್ಲಿ. ಸುಮಾರು 90ನೆಯ ಕಿಲೋಮೀಟರಿಗೆ ಬರುವ ಠಾಣೆ; ಮುಚ್ಚುವುದು 11 ಗಂಟೆಗೆ. ತೆಂಗಿನ ತೋಟಗಳ ನೆರಳಿನಲ್ಲಿ ತಿಪಟೂರು ದಾಟಿ ನಾನು ತಲುಪಿದಾಗ 10 ಗಂಟೆ 25 ನಿಮಿಷ. ನಮ್ಮವರು ಐದಾರು ಜನ ನನಗಾಗಿ ಕಾಯುತ್ತಿದ್ದರು. ಒಂಬತ್ತೂಕಾಲಿಗೇ ಬಂದವರು ತಿಂಡಿ ತಿಂದು, ಬೆಂಚಿನ ಮೇಲೆ ಕಾಲು ಚಾಚಿ ದಣಿವಾರಿಸಿಕೊಂಡಿದ್ದರು. ನನ್ನನ್ನು ಕಂಡೊಡನೆ ಎಲ್ಲರ ಮುಖವೂ ಅರಳಿತು. ಒಬ್ಬರು ಹೆಲ್ಮೆಟ್ ಕಟ್ಟಿಕೊಳ್ಳುತ್ತ, “ಬಂದ್ರಲ್ಲಾ, ನಡೀರಿ ಹೊರಡೋಣ” ಎಂದರು.

ಪ್ರೀತಿಯಿಂದ ಕಾದಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಕಾಯುವುದರಲ್ಲಿ ಇಂಥದೊಂದು ತೊಡಕಿದೆ. ಮುಂದೆ ಬಂದವನಿಗೆ ಕಾಯುವ ಹೊತ್ತೇ ವಿಶ್ರಾಂತಿ. ಹಿಂದೆ ಬಂದವನು ತಲುಪಿದ ಕ್ಷಣವೇ ಹೊರಡುವ ಕ್ಷಣ. ಎಲ್ಲರಿಗಿಂತ ಹೆಚ್ಚು ದಣಿದವನಿಗೆ ವಿಶ್ರಾಂತಿಯೇ ಇಲ್ಲ. ಮುಂದಿನ ಠಾಣೆಯಲ್ಲಿಯೂ ಹೀಗೇ, ಅದರ ಮುಂದಿನದರಲ್ಲಿಯೂ ಹೀಗೇ. ಅಂತರ ಬೆಳೆಯುತ್ತ ಹೋಗುತ್ತದೆ. ತರಗತಿಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ಲೆಕ್ಕ ಎಲ್ಲರಿಗೂ ತಿಳಿಯಿತೇ ಎಂದು ಕೇಳುತ್ತಾರೆ. ಹಿಂದಿನ ಬೆಂಚಿನ ಹುಡುಗ ಕಷ್ಟಪಟ್ಟು, ಎಲ್ಲರಿಗಿಂತ ಕೊನೆಗೆ ‘ತಿಳೀತು’ ಎಂದು ತಲೆಯಾಡಿಸಿದ ಕೂಡಲೇ ಮುಂದಿನ ಅಧ್ಯಾಯ ಶುರು. ಬೇಗ ತಿಳಿದವರು ಆ ಹೊತ್ತಿಗೆ ಕಿಟಕಿಯಾಚೆ ನೋಡಿ ದಣಿವಾರಿಸಿಕೊಂಡಿರುತ್ತಾರೆ. ಈ ಹುಡುಗನಿಗೆ ತಿಳಿದ ಸಂತೋಷವನ್ನು ಒಂದು ಗಳಿಗೆ ಅನುಭವಿಸಲೂ ಬಿಡುವಿಲ್ಲ.

ನಾನು ಅವರಿಗೆಲ್ಲ ಹೊರಡಿ ಎಂದೆ. ಅಕ್ಕನ ಮಗ ಒಪ್ಪಲಿಲ್ಲ.

“ಮಾಮ, ಅಮ್ಮ ನಿಮ್ಮನ್ನ ಬಿಟ್ಟು ಬರಬೇಡ ಅಂದಿದಾಳೆ.”

“ನನಗೂ ನಿನ್ನ ಬಿಟ್ಟು ಬರಬೇಡ ಅಂದಿದಾಳೆ ಕಣೋ. ಇಬ್ಬರೂ ಅವಳ ಮಾತು ಕೇಳಿದ್ರೆ ಇಲ್ಲೇ ಇರ್ತೀವಿ. ನೀನು ನಡಿ. ನನ್ನ ಲೆಕ್ಕ ನನ್ನ ಹತ್ತಿರ ಇದೆ.”

ಅವರು ಹೋದ ಮೇಲೆ ಹದಿನೈದು ನಿಮಿಷ ಬೆಂಚಿನ ಮೇಲೆ ಕುಳಿತೆ. ನನ್ನ 200 ನಿಮಿಷಗಳ ಗಂಟಿನಿಂದ ಅಷ್ಟನ್ನು ಖರ್ಚು ಮಾಡುವುದು ನ್ಯಾಯ ಎನ್ನಿಸಿತು.

ಅರಸೀಕೆರೆ ರೈಲ್ವೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನ, ಮೈಸೂರಿನ ಕಡೆಯ ಮಾರ್ಗ ಕೂಡುವುದು ಇಲ್ಲಿ. ರೈಲಿನ ಕೊನೆಯ ಬೋಗಿಯ ಹಿಂದೆ ‘ಎಲ್‌ವಿ’ ಎಂಬ ಎರಡಕ್ಷರದ ಫಲಕವನ್ನು ನೀವು ನೋಡಿರಬಹುದು. ಲಾಸ್ಟ್ ವೆಹಿಕಲ್, ಕೊನೆಯ ವಾಹನ ಎಂಬುದರ ಗುರುತು. ರಾತ್ರಿಯಾದರೆ ಅಲ್ಲಿ ಕೆಂಪು ದೀಪ ಮಿನುಗುತ್ತಿರುತ್ತದೆ. ರೈಲು ನಿಲ್ದಾಣ ದಾಟುವಾಗ ರೈಲ್ವೆ ಸಿಬ್ಬಂದಿ ಈ ಗುರುತನ್ನು ಕಣ್ಣಾರೆ ನೋಡಬೇಕೆಂಬುದು ಹಳೆಯ ಕ್ರಮ. ಇಂಜಿನ್ ಬಂದರೆ ರೈಲು ಬಂದಂತಲ್ಲ. ಆ ಗುರುತು ಕಂಡರೆ ಮಾತ್ರ ರೈಲು ಪೂರ್ತಿ ಬಂದಿದೆ, ನಡುದಾರಿಯಲ್ಲಿ ಯಾವ ಬೋಗಿಯೂ ಕಳಚಿ ಉಳಿದಿಲ್ಲ ಎಂದು ಖಾತ್ರಿ. ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಎಲ್ಲರಿಗಿಂತ ಹಿಂದಿರುವ ಸವಾರನಿಗೂ ಇದೇ ದೀಪದ ಹೆಸರು: ‘ಲಾಂತೆರ್ನ್ ರೂಜ್’, ಕೆಂಪು ಲಾಂದ್ರ. ಹಂಗಿಸುವ ಹೆಸರಲ್ಲ ಅದು. ಪ್ಯಾರಿಸ್ ತನಕ ಬಂದು ಮುಟ್ಟಿದವರಿಗಷ್ಟೇ ಕೊನೆಯವನಾಗುವ ಅವಕಾಶ. ನಡುವೆ ಬಿಟ್ಟುಹೋದವರ ಹೆಸರು ಆ ಪಟ್ಟಿಯಲ್ಲೇ ಇರುವುದಿಲ್ಲ.

ಅರಸೀಕೆರೆಯಿಂದ ಮುಂದೆ ನಾನು ಒಂಟಿ. ಒಂಟಿಯಾಗಿ ಹೋಗುವವನಿಗೆ ರಸ್ತೆ ಹೆಚ್ಚು ಕಾಣುತ್ತದೆ. ಬಾಣಾವರದ ಆಚೆ ರೈತರು ರಾಗಿ ತೆನೆಯನ್ನು ಟಾರು ರಸ್ತೆಯ ಮೇಲೆಯೇ ಹರಡಿದ್ದರು. ಬಸ್ಸು, ಲಾರಿಗಳು ಪುಕ್ಕಟೆ ಒಕ್ಕಣೆ ಮಾಡಿಕೊಡುತ್ತಿದ್ದವು. ನಾನು ಅದರ ಮೇಲೆ ಹೋದರೆ ಕಾಳು ಉದುರುವುದೂ ಇಲ್ಲ, ಸೈಕಲ್ ಜಾರದೆ ಇರುವುದೂ ಇಲ್ಲ. ಇಳಿದು ತಳ್ಳಿಕೊಂಡು ದಾಟಿದೆ. ಚಹಾದ ಅಂಗಡಿಯೊಂದರಲ್ಲಿ ನೀರು ಕೇಳಿದಾಗ ಅಂಗಡಿಯ ಹೆಂಗಸು, “ನಿಮ್ಮೋರೆಲ್ಲಾ ಹೋಗಿ ಆಗ್ಲೇ ಒಂದ್ ಗಂಟೆ ಆಯ್ತಲ್ಲಾ ಸಾಮಿ, ನೀವ್ಯಾಕ್ ಹಿಂದೆ ಉಳ್ಕಂಡ್ರಿ?” ಎಂದು ಕೇಳಿದರು. ನಾನು ನಕ್ಕೆ. “ಎಲ್ರೂ ಒಂದೇ ಸಲ ಬಂದ್ರೆ ನನ್ನಂಗ್ಡೀಲಿ ಹಾಲು ಸಾಲಾಕಿಲ್ಲ, ಬುಡಿ” ಎಂದು ಅವರೇ ಸಮಾಧಾನ ಹೇಳಿದರು.

ಕ್ರಿಕೆಟಿಗ ಶ್ರೀನಾಥರ ಹೆಸರಿನೊಂದಿಗೆ ಎಲ್ಲರಿಗೂ ಗೊತ್ತಿರುವ ಜಾವಗಲ್ ದಾಟಿ ಹಳೇಬೀಡಿನತ್ತ ಹೋಗುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಹಳೇಬೀಡಿಗೂ ಬೇಲೂರಿಗೂ ನಡುವೆ ಸುಮಾರು 16 ಕಿಲೋಮೀಟರ್. ಹೋದ ದಾರಿಯಲ್ಲೇ ಹಿಂದಿರುಗುವ ಸವಾರಿಯಾದ್ದರಿಂದ ಬೇಲೂರು ಮುಟ್ಟಿದವರೆಲ್ಲ ಇಲ್ಲಿ ನನಗೆ ಎದುರಾದರು. ಮೊದಲು ಒಬ್ಬ, ಆಮೇಲೆ ಇಬ್ಬರು, ಆಮೇಲೆ ನಮ್ಮ ಗುಂಪು. ಎಲ್ಲರಿಗಿಂತ ಹಿಂದೆ ಇರುವವನಿಗೆ ಮಾತ್ರ ಸಿಗುವ ಸೌಲಭ್ಯ ಇದು: ಅವನು ಇಡೀ ಗುಂಪಿನ ಮುಖ ನೋಡುತ್ತಾನೆ. ಎಲ್ಲರೂ ಕೈ ಎತ್ತಿದರು. ಅಕ್ಕನ ಮಗನೂ ಎತ್ತಿದ. ಅವನು ಎಲ್ಲರಿಗಿಂತ ಜೋರಾಗಿ ಹೋಗುವ ನಾಲ್ವರ ಜೊತೆ ಸೇರಿಕೊಂಡಿದ್ದ. ಮುಖ ಕೆಂಪಾಗಿತ್ತು.

ಬೇಲೂರಿನ ಠಾಣೆ ಮುಚ್ಚುವುದು ಮಧ್ಯಾಹ್ನ ಮೂರಕ್ಕೆ. ನಾನು ತಲುಪಿದ್ದು 2 ಗಂಟೆ 31 ನಿಮಿಷಕ್ಕೆ. ಕಾರ್ಡಿಗೆ ಮೊಹರು, ಮೊಸರನ್ನ, ಎಳನೀರು. ಗುಡಿಯ ಗೋಪುರ ಕಾಣುತ್ತಿತ್ತು. ಒಳಗೆ ಹೋಗುವಷ್ಟು ಹೊತ್ತಿರಲಿಲ್ಲ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಚೆನ್ನಕೇಶವನ ಪ್ರತಿಷ್ಠೆಯಾದ ಗುಡಿ ಅದು. ನಾಲ್ಕು ವರ್ಷಗಳ ನಂತರ, 1121ರಲ್ಲಿ, ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಶುರುವಾಯಿತೆನ್ನುತ್ತಾರೆ. ಅದು ದಶಕಗಳ ಕಾಲ ನಡೆಯಿತು. ಎರಡೂ ಕಡೆ ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುವ ಕಲ್ಲು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ಬೇಲೂರಿನಲ್ಲಿ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಎಷ್ಟು ದಿನದಲ್ಲಿ ಮುಗಿಸಿದೆವು ಎಂಬುದು ಅವರಿಗೆ ಬರೆಯುವ ಮಾತಾಗಿ ಕಂಡಿಲ್ಲ. ಸೋಮನಾಥಪುರದ ಜೊತೆ ಈ ಎರಡು ಗುಡಿಗಳನ್ನೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2023ರ ಸೆಪ್ಟೆಂಬರ್‌ನಲ್ಲಿ.

ಹತ್ತು ನಿಮಿಷ ಬಾಕಿ ಇದ್ದಾಗ ಬೇಲೂರು ಬಿಟ್ಟೆ. ಚಳಿಗಾಲದಲ್ಲಿ ಈ ಬಯಲಿನಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದ ಬೀಸುತ್ತದೆ. ಹೋಗುವಾಗ ಬೆನ್ನಿಗಿದ್ದ ಗಾಳಿ ಈಗ ಎದೆಗೆ ಬಂತು. 18ರ ವೇಗ 17ಕ್ಕೆ ಇಳಿಯಿತು. ಲೆಕ್ಕ ಮತ್ತೆ ಹಾಕಿದೆ. ಅರಸೀಕೆರೆ ಠಾಣೆ ಏಳಕ್ಕೆ ಮುಚ್ಚುತ್ತದೆ. ಎಲ್ಲೂ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲದಿದ್ದರೆ ಆರೂವರೆಗೆ ತಲುಪಬಹುದು. ಹಾಗೆಯೇ ಆಯಿತು. ದೀಪ ಹಚ್ಚಿಕೊಂಡು ಅರಸೀಕೆರೆ ಸೇರಿದಾಗ 6 ಗಂಟೆ 32 ನಿಮಿಷ.

ಅಲ್ಲಿ ಬೆಂಚಿನ ಮೇಲೆ ಅಕ್ಕನ ಮಗ ಕುಳಿತಿದ್ದ. ಬಲ ಮೊಣಕಾಲು ಊದಿಕೊಂಡಿತ್ತು. ಜಾವಗಲ್ ಕಳೆದ ಮೇಲೆ ನೋವು ಶುರುವಾಗಿತ್ತಂತೆ. ಆ ನಾಲ್ವರನ್ನು ಬಿಟ್ಟುಕೊಡಬಾರದೆಂದು ಇನ್ನೂ ಗಟ್ಟಿಯಾಗಿ ತುಳಿದಿದ್ದ. ಅವರು ಮುಂದೆ ಹೋಗಿ ಆಗಲೇ ಎರಡು ಗಂಟೆಯಾಗಿತ್ತು.

“ಮಾಮ, ನಿಮ್ಮ ಜೊತೆ ನಿಧಾನವಾಗಿ ಬರ್ತೀನಿ. 90 ಕಿಲೋಮೀಟರ್ ತಾನೇ?”

“ದಣಿವಾಗಿದ್ರೆ ಬಾ ಅಂತಿದ್ದೆ. ಇದು ನೋವು. ದಣಿವು ನಿದ್ದೆ ಮಾಡಿದ್ರೆ ಹೋಗುತ್ತೆ, ಮೊಣಕಾಲು ಹಾಗಲ್ಲ.”

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದನ್ನೂ ಮುಗಿಸಲಿಲ್ಲ ಅಂತಾಳೆ ಅಮ್ಮ” ಎಂದ.

ಆ ‘ಇದನ್ನೂ’ ಎಂಬ ಮಾತು ನನ್ನನ್ನು ಚುಚ್ಚಿತು. ಎರಡು ಪೇಪರು, ಒಂದು ಮೊಣಕಾಲು ಹುಡುಗನ ಲೆಕ್ಕದಲ್ಲಿ ಒಂದೇ ಸಾಲಿಗೆ ಬಂದಿದ್ದವು. ನಾನು ಉಪದೇಶ ಮಾಡುವಷ್ಟು ಹೊತ್ತು ಇರಲಿಲ್ಲ. ಬ್ರೆವೆಯಲ್ಲಿ ನಡುವೆ ನಿಲ್ಲಿಸಿದವರಿಗೆ ದಂಡವಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹೊರಡಬಹುದು, ಹಿಂದಿನದನ್ನು ಯಾರೂ ಎಣಿಸುವುದಿಲ್ಲ ಎಂದಷ್ಟೇ ಹೇಳಿದೆ. ಠಾಣೆಯಲ್ಲಿದ್ದ ಸ್ವಯಂಸೇವಕರಿಗೆ ತಿಳಿಸಿ, ಸೈಕಲನ್ನು ಅವರ ಗಾಡಿಗೆ ಹಾಕಿ, ಅವನು ತುಮಕೂರಿಗೆ ರೈಲು ಹಿಡಿಯುವುದೆಂದು ತೀರ್ಮಾನವಾಯಿತು.

ಉಳಿದ 90 ಕಿಲೋಮೀಟರನ್ನು ನಾನು ಕತ್ತಲೆಯಲ್ಲಿ ತುಳಿದೆ. ಸೈಕಲಿನ ದೀಪ ಬೆಳಗುವಷ್ಟೇ ರಸ್ತೆ, ಎರಡೂ ಕಡೆ ತೆಂಗಿನ ಮರಗಳ ಕಪ್ಪು. ತಿಪಟೂರಿನಲ್ಲಿ ಕಾಲು ಗಂಟೆ ನಿಂತೆ. ಅಲ್ಲಿಂದಾಚೆ ಸಮಯದ ಗಂಟು ಬಹಳ ಸಣ್ಣದಾಗಿತ್ತು. ಹನ್ನೊಂದರ ಸುಮಾರಿಗೆ ಗಾಳಿ ಇನ್ನೂ ಬಿಗಿಯಾಗಿ, ಒಂದು ಗಂಟೆಯಲ್ಲಿ 15 ಕಿಲೋಮೀಟರ್ ಮಾತ್ರ ಸಾಗಿದೆ. ಇನ್ನೊಂದು ಗಂಟೆ ಹಾಗೆಯೇ ಕಳೆದು, ಒಂದು ಪಂಕ್ಚರ್ ಆಗಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆಗಲಿಲ್ಲ. ರಾತ್ರಿ 12 ಗಂಟೆ 38 ನಿಮಿಷಕ್ಕೆ ಮುಟ್ಟಿದೆ. 22 ನಿಮಿಷ ಉಳಿದಿತ್ತು.

ಕೊನೆಯ ಠಾಣೆಯಲ್ಲಿ ಒಬ್ಬ ಸ್ವಯಂಸೇವಕ ಶಾಲು ಹೊದ್ದು ಕುಳಿತಿದ್ದ. ಪಕ್ಕದಲ್ಲಿ ಕಾಲು ಚಾಚಿಕೊಂಡು ಅಕ್ಕನ ಮಗ, ಮೊಣಕಾಲ ಮೇಲೆ ಮಂಜುಗಡ್ಡೆಯ ಚೀಲ. ನನಗೆ ಕುರ್ಚಿ ಬಿಟ್ಟುಕೊಟ್ಟು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. ಸ್ವಯಂಸೇವಕ ಕಾರ್ಡು ತೆಗೆದುಕೊಂಡು ಹೊತ್ತು ಬರೆದು, “ನೀವೇ ಕೊನೆಯವರು ಸಾರ್. ಇನ್ನು ರಸ್ತೆ ಮೇಲೆ ನಮ್ಮವರು ಯಾರೂ ಇಲ್ಲ” ಎಂದು ನಿಟ್ಟುಸಿರು ಬಿಟ್ಟ. ನಾನು ಬಂದ ಮೇಲೆಯೇ ಅವನಿಗೆ ಮನೆಗೆ ಹೋಗುವ ಧೈರ್ಯ. ಸ್ಟೇಷನ್ನಿನಲ್ಲಿ ಕೆಂಪು ದೀಪವನ್ನು ನೋಡಿಕೊಳ್ಳುವವರದೂ ಇಂಥದೇ ಸಮಾಧಾನ ಇರಬೇಕು.

ಮೊಣಕಾಲು ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಮುಂದಿನ ಚಳಿಗಾಲದಲ್ಲಿ ಹುಡುಗ ಬೇರೊಂದು 300 ಕಿಲೋಮೀಟರನ್ನು ತನ್ನ ವೇಗದಲ್ಲಿ, ಯಾರ ಬೆನ್ನೂ ಹತ್ತದೆ ಮುಗಿಸಿದ. ನಾಲ್ಕು ವರ್ಷದ ಪದವಿ ಅವನಿಗೆ ಐದು ವರ್ಷ ಹಿಡಿಯಿತು. ಈಗ ಕೆಲಸದಲ್ಲಿದ್ದಾನೆ. ಆ ಐದನೆಯ ವರ್ಷದಲ್ಲಿ ಅಕ್ಕ ಮೊದಲಿನ ಮಾತು ಆಡುವುದನ್ನು ಬಿಟ್ಟಿದ್ದಳು. ಊಟಕ್ಕೆ ಕರೆಯುತ್ತಿದ್ದಳು, ಪೇಪರು ಯಾವಾಗ ಎಂದು ಕೇಳುತ್ತಿದ್ದಳು, ಅಷ್ಟೆ.

ನಿಧಾನವಾಗಿದ್ದರೂ ಪರವಾಗಿಲ್ಲ, ಎಲ್ಲವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಠಾಣೆ ಮುಚ್ಚುವ ಹೊತ್ತು ಎಂಬುದೊಂದಿದೆ. ಪರೀಕ್ಷೆಗೂ ಇದೆ, ಬದುಕಿಗೂ ಇದೆ. ನಿಧಾನಿ ಆ ಹೊತ್ತನ್ನು ತಿಳಿದಿರಬೇಕು, ತನ್ನ ವೇಗವನ್ನೂ ತಿಳಿದಿರಬೇಕು, ನಿಮಿಷಗಳನ್ನು ಜತನದಿಂದ ಖರ್ಚು ಮಾಡಬೇಕು. ಓದುವ ಹುಡುಗ ಹುಡುಗಿಯರಿಗೆ ನಾನು ಹೇಳಬಲ್ಲದ್ದು ಇಷ್ಟೇ: ಪಕ್ಕದವನ ವೇಗವನ್ನು ಸಾಲ ತಂದರೆ ಬಡ್ಡಿ ಮೊಣಕಾಲಿನಿಂದ ಕಟ್ಟಬೇಕಾಗುತ್ತದೆ.

ತಂದೆ ತಾಯಿಯರಿಗೆ ಒಂದು ಬೇಡಿಕೆ. ಮುಂದೆ ಹೋದವರ ಹೆಸರು ಹೇಳಿ ಹಿಂದಿನವನ ವೇಗ ಹೆಚ್ಚಿಸಲು ಆಗುವುದಿಲ್ಲ; ಅದು ಅವನಿಗೆ ಗೊತ್ತೇ ಇರುತ್ತದೆ, ದಿನವಿಡೀ ಅವರ ಬೆನ್ನು ನೋಡಿಕೊಂಡೇ ಬಂದಿರುತ್ತಾನೆ. ಅವನಿಗಾಗಿ ಕಾಯಿರಿ. ಆದರೆ ಅವನು ಬಂದ ಕೂಡಲೇ ಎದ್ದು ನಿಂತು ‘ನಡಿ, ಮುಂದೇನು?’ ಎನ್ನಬೇಡಿ. ಕುರ್ಚಿ ಬಿಟ್ಟುಕೊಡಿ, ನೀರು ಕೊಡಿ, ಹತ್ತು ನಿಮಿಷ ಕೂರಲು ಬಿಡಿ. ಅಷ್ಟು ಸಿಕ್ಕರೆ ಮುಂದಿನ ಠಾಣೆಗೆ ಅವನು ತಾನಾಗಿಯೇ ಹೊರಡುತ್ತಾನೆ.